ಮಳೆಗಾಲಕ್ಕೆ ಹೊರಗೆ ನಿಲ್ಲುವ ಹಳೇ ಲಾರಿ: ಕಾಪಾಡಿಕೊಳ್ಳುವ ಬಗೆ

ಸುರಿಯುವ ಮಳೆಯಲ್ಲಿ ದಿನಾ ಉತ್ತರ ಕನ್ನಡದ ಅರಬೈಲ್ ಘಟ್ಟ ಹತ್ತಿಳಿಯುವ ಲಾರಿಗಿಂತ, ಜೂನ್‌ನಲ್ಲಿ ತಾಡಪತ್ರಿ ಹೊದ್ದು ಮನೆಯ ಹಿಂದೆ ನಿಂತ ಲಾರಿಗೆ ಬೇಗ ತುಕ್ಕು ಹಿಡಿಯುತ್ತದೆ. ಓಡುವ ಲಾರಿ ಎಷ್ಟು ತೊಯ್ದರೂ ಎಂಜಿನ್ ಬಿಸಿಗೆ, ಗಾಳಿಗೆ ಒಂದಿಷ್ಟು ಆರುತ್ತದೆ. ನಿಂತದ್ದು ಆರುವುದಿಲ್ಲ. ಕಾರವಾರದಿಂದ ಭಟ್ಕಳದವರೆಗೆ ವರ್ಷದ ಮಳೆ ಹೆಚ್ಚುಕಡಿಮೆ ಮೂರು ಸಾವಿರ ಮಿಲಿಮೀಟರ್, ಕೆಲವೆಡೆ ಅದಕ್ಕೂ ಜಾಸ್ತಿ. ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ ಬೀಳುತ್ತದೆ. ಅಷ್ಟು ನೀರನ್ನು ತಡೆಯುತ್ತೇನೆಂದು ಹೊರಟವರು ಲಾರಿಯನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಕಟ್ಟುತ್ತಾರೆ, ಅಕ್ಟೋಬರದಲ್ಲಿ ಬಿಚ್ಚಿದಾಗ ಬಾಗಿಲಿನ ಕೆಳಗಂಚು ಕೈಗೆ ಪುಡಿಯಾಗಿ ಬರುತ್ತದೆ. ಆದ್ದರಿಂದ ಮುಂದೆ ಹೇಳುವ ಪ್ರತಿ ಕೆಲಸದಲ್ಲೂ ಕೇಳಿಕೊಳ್ಳಬೇಕಾದ್ದು ಇಷ್ಟೇ: ಒಳಗೆ ಹೋದ ನೀರಿಗೆ ಹೊರಬರುವ ದಾರಿ ಇದೆಯೇ, ಗಾಳಿಗೆ ಒಳಗೆ ಹೋಗುವ ದಾರಿ ಇದೆಯೇ.

ಇಲ್ಲಿ ಹಳೇ ಲಾರಿ ಎಂದರೆ ಟಾಟಾ-ಮರ್ಸಿಡಿಸ್, ಅದರ ನಂತರದ ಟಾಟಾ 1210, ಲೇಲ್ಯಾಂಡ್ ಕಾಮೆಟ್, ಪೆಟ್ರೋಲಿನ ಫಾರ್ಗೊ, ಬೆಡ್‌ಫೋರ್ಡ್ ಇಂಥವು. ಜಮ್‌ಶೆಡ್‌ಪುರದಲ್ಲಿ ಟಾಟಾ-ಮರ್ಸಿಡಿಸ್ ತಯಾರಿ ಶುರುವಾದದ್ದು 1954ರಲ್ಲಿ, ಜರ್ಮನಿಯವರ ಜೊತೆಗಿನ ಒಪ್ಪಂದ ಮುಗಿದದ್ದು 1969ರಲ್ಲಿ. ಈ ಲಾರಿಗಳ ತಗಡು ಈಗಿನದಕ್ಕಿಂತ ದಪ್ಪ, ನಿಜ. ಆದರೆ ಸತುವಿನ ಲೇಪನ ಇಲ್ಲ, ಬಾಗಿಲಿನ ಒಳಮೈಗೆ ಬಣ್ಣವೂ ಸರಿಯಾಗಿ ತಾಗಿರುವುದಿಲ್ಲ. ತುಕ್ಕು ಒಳಗಿಂದ ಹೊರಗೆ ಬರುತ್ತದೆ. ಬಣ್ಣ ಗುಳ್ಳೆ ಎದ್ದಿತೆಂದರೆ ಅಲ್ಲಿ ತಗಡು ಆಗಲೇ ತೂತು ಎಂದು ತಿಳಿಯಬೇಕು.

ಮೊದಲು ಉಪ್ಪು ತೆಗೆಯಿರಿ

ಆರಿದ್ರೆ ಮಳೆಯಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ಒಸರುವುದನ್ನು ಎಲ್ಲರೂ ನೋಡಿದ್ದಾರೆ. ಗಾಳಿಯ ತೇವಾಂಶ ಶೇ. 75 ದಾಟಿದರೆ ಉಪ್ಪು ತಾನೇ ಗಾಳಿಯ ನೀರನ್ನು ಕುಡಿದು ಕರಗುತ್ತದೆ. ಚಾಸಿಯ ಮೇಲೆ ಕೂತ ಉಪ್ಪೂ ಹಾಗೆಯೇ. ಒಂದು ಹನಿ ಮಳೆ ತಾಗದಿದ್ದರೂ, ಉಪ್ಪಿದ್ದ ಕಬ್ಬಿಣ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆಯಾಗಿಯೇ ಇರುತ್ತದೆ. ಮೀನು ಹೇರಿದ ಲಾರಿಯಲ್ಲಿ ಮಂಜುಗಡ್ಡೆಯ ನೀರು ಹಲಗೆಯ ಸಂದಿಯಿಂದ ಇಳಿದು ಚಾಸಿಗೆ ಅಂಟಿರುತ್ತದೆ. ಸಾಣಿಕಟ್ಟೆಯ ಉಪ್ಪು ಸಾಗಿಸಿದ ಲಾರಿಯ ಕಥೆ ಹೇಳುವುದೇ ಬೇಡ. ಇನ್ನು ಘಟ್ಟದ ಮೇಲೆ, ಶಿರಸಿ, ಸಿದ್ದಾಪುರದ ಕಡೆ ಸಮುದ್ರದ ಗಾಳಿ ಇಲ್ಲ ಎಂದು ನೆಮ್ಮದಿಯಾಗಿರುವಂತಿಲ್ಲ. ಪೊಟ್ಯಾಷ್ ಗೊಬ್ಬರವೂ ಒಂದು ಉಪ್ಪೇ. ಹರಿದ ಚೀಲದಿಂದ ಸೋರಿದ ಗೊಬ್ಬರ ಹಲಗೆಯಡಿ ಕೂತರೆ ಕರಾವಳಿಯ ಗಾಳಿಗಿಂತ ಬೇಗ ಕೆಲಸ ಮುಗಿಸುತ್ತದೆ.

ತೊಳೆಯುವ ಕೆಲಸ ಮೇ ಮೂರನೇ ವಾರದೊಳಗೆ ಆಗಬೇಕು. ರೋಹಿಣಿ ಹುಟ್ಟಿದ ಮೇಲೆ, ಅಂದರೆ ಮೇ 25ರ ಆಚೆ, ತೊಳೆದದ್ದು ಒಣಗುತ್ತದೆಂಬ ನಂಬಿಕೆ ಇಟ್ಟುಕೊಳ್ಳಲಾಗದು. ಕೆಳಗಿನಿಂದ ಮೇಲೆ ತೊಳೆಯಿರಿ: ಮೊದಲು ಚಾಸಿ, ಬ್ಲೇಡ್ ಸೆಟ್ (ಪಟ್ಟಿ ಸ್ಪ್ರಿಂಗ್), ಮಡ್‌ಗಾರ್ಡಿನ ಒಳಮೈ, ಆಮೇಲೆ ಬಾಡಿ, ಕೊನೆಗೆ ಕ್ಯಾಬಿನ್. ಚಾಸಿಯ ಉದ್ದ ತೊಲೆಗಳ ಒಳಬದಿಯಲ್ಲಿ, ಅಡ್ಡ ತೊಲೆ ಕೂಡುವ ಮೂಲೆಯಲ್ಲಿ ಮಣ್ಣಿನ ಹೆಂಟೆ ಕೂತಿರುತ್ತದೆ. ಅದು ತೇವ ಹಿಡಿದಿಡುವ ಸ್ಪಂಜು. ಬರೀ ನೀರಿಗೆ ಹೋಗುವುದಿಲ್ಲ, ಮರದ ಚೂಪು ಕಡ್ಡಿಯಿಂದ ಕೆದಕಿ ತೆಗೆಯಬೇಕು. ಪ್ರೆಶರ್ ನೀರನ್ನು ಹಬ್ಬಿನ ಸೀಲು, ಡೈನಮೋ, ಡೀಸೆಲ್ ಪಂಪಿನ ಮೇಲೆ ನೇರ ಹೊಡೆಯಬೇಡಿ. ಒಂದು ಸಲ ತೊಳೆದು ಅರ್ಧ ತಾಸು ಬಿಟ್ಟು ಮತ್ತೊಂದು ಸಲ ತೊಳೆದರೆ ಸಂದಿಯ ಉಪ್ಪು ಕರಗಿ ಬರುತ್ತದೆ.

ಯಾವ ನೀರಿನಿಂದ ತೊಳೆಯುತ್ತೀರಿ ಎಂಬುದೂ ಮುಖ್ಯ. ಗಜನಿ (ಉಪ್ಪುನೀರು ಏರುವ ಗದ್ದೆ) ಬದಿಯ ಬಾವಿ, ಹೊಳೆ ಅಳಿವೆಯ ಹತ್ತಿರದ ಬೋರು ಮೇ ತಿಂಗಳಲ್ಲಿ ಸವಳು ಹಿಡಿಯುತ್ತವೆ. ಬಾಯಿಗೆ ಹಾಕಿ ನೋಡಿ; ಉಪ್ಪೆನಿಸಿದರೆ ಅಥವಾ ಸೋಪು ನೊರೆ ಬಾರದಿದ್ದರೆ ಆ ನೀರು ಬೇಡ. ಅಂಥ ಕಡೆ ಟ್ಯಾಂಕರ್ ನೀರು ತರಿಸುವ ಖರ್ಚು ಹೊಸ ತಗಡಿನ ಖರ್ಚಿಗಿಂತ ಕಡಿಮೆ.

ತೊಳೆದ ಮೇಲೆ ಬಾನೆಟ್, ಬಾಗಿಲು, ಟೂಲ್ ಬಾಕ್ಸ್ ಎಲ್ಲ ತೆರೆದು ಎರಡು ಮೂರು ದಿನ ಕಾಯುವ ಬಿಸಿಲಿಗೆ ನಿಲ್ಲಿಸಿ. ಕ್ಯಾಬಿನ್ ನೆಲದ ರಬ್ಬರ್ ಹಾಸು ತೆಗೆದು ಹೊರಗಿಡಿ, ಮಳೆಗಾಲ ಮುಗಿಯುವವರೆಗೆ ಮತ್ತೆ ಹಾಸಬೇಡಿ. ಬಾಗಿಲಿನ ಕೆಳಗಂಚಿನ ತೂತುಗಳನ್ನು 4 ಮಿ.ಮೀ. ತಂತಿಯಿಂದ ಬಿಡಿಸಿ. ಗಾಜಿನ ಸಂದಿಯಿಂದ ಇಳಿದ ನೀರು ಹೊರಹೋಗಲೆಂದೇ ಇಟ್ಟ ತೂತು ಅವು. ಎಷ್ಟೋ ಲಾರಿಗಳಲ್ಲಿ ಬಣ್ಣ ಹೊಡೆಯುವವರು ಅವಕ್ಕೆ ಪುಟ್ಟಿ ತುಂಬಿ ಚಂದ ಮಾಡಿರುತ್ತಾರೆ! ಒಂದು ಚೊಂಬು ನೀರು ಗಾಜಿನ ಪಕ್ಕದಿಂದ ಸುರಿದು ನೋಡಿ. ಅಷ್ಟೂ ಕೆಳಗೆ ಬಂದರೆ ಸರಿ.

ತುಕ್ಕಿಗೆ ಏನು ಬಳಿಯಬೇಕು, ಏನು ಬಾರದು

ರೆಡ್ ಆಕ್ಸೈಡ್ ಬಳಿದು "ಬಣ್ಣ ಮಳೆ ಕಳೆದ ಮೇಲೆ ನೋಡೋಣ" ಎಂದು ಬಿಡುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಅದು ಬರೀ ಪ್ರೈಮರು, ನೀರು ಅದರೊಳಗೆ ಇಳಿಯುತ್ತದೆ. ಆಗಸ್ಟಿನೊಳಗೆ ಅದರಡಿ ತುಕ್ಕು ಎದ್ದು ಪದರ ಪದರವಾಗಿ ಬಿಡುತ್ತದೆ. ಮೇಲೆ ಎರಡು ಕೈ ಎನಾಮಲ್ ಬೀಳಲೇಬೇಕು, ನಡುವೆ ಒಂದು ದಿನ ಒಣಗಲೇಬೇಕು. ಅಷ್ಟು ಬಿಸಿಲು ಉಳಿದಿಲ್ಲವೆಂದರೆ ಬಣ್ಣದ ಆಸೆ ಬಿಟ್ಟು, ತಂತಿ ಬ್ರಷ್ಷಿನಿಂದ ಉಜ್ಜಿ ಗ್ರೀಸ್ ಬಳಿದಿಡಿ. ಮಳೆ ಹೋದಮೇಲೆ ಸೀಮೆಎಣ್ಣೆಯಲ್ಲಿ ಒರೆಸಿ ಬಣ್ಣ ಹೊಡೆಯಬಹುದು.

ಡಾಂಬರಿನ ದಪ್ಪ ಲೇಪ ಶುದ್ಧ ಲೋಹದ ಮೇಲೆ ಒಳ್ಳೆಯದು, ತುಕ್ಕಿನ ಮೇಲೆ ಕೆಟ್ಟದ್ದು. ಬಿರುಕು ಬಿಟ್ಟಲ್ಲಿ ನೀರು ಒಳಹೋಗಿ ಅಡಿಯಲ್ಲೇ ನಿಲ್ಲುತ್ತದೆ, ಹೊರಗಿಂದ ಮಾತ್ರ ಕಪ್ಪಗೆ ಹೊಳೆಯುತ್ತಿರುತ್ತದೆ. ಸುಟ್ಟ ಎಂಜಿನ್ ಆಯಿಲ್ ಸ್ಪ್ರೇ ಮಾಡುವ ಪದ್ಧತಿ ನಮ್ಮಲ್ಲಿ ಹಳೆಯದು. ಅದರಲ್ಲಿ ಎಂಜಿನ್ನಿನ ಆಮ್ಲ ಇರುತ್ತದೆ, ರಬ್ಬರ್ ಬುಷ್ ಉಬ್ಬುತ್ತದೆ, ಮೊದಲ ಮಳೆಗೇ ತೊಳೆದು ಅಂಗಳ ದಾಟಿ ಬಾವಿ ಸೇರುತ್ತದೆ. ಬೇಡ. ತೆಂಗಿನೆಣ್ಣೆ ಬಳಿಯುವವರೂ ಇದ್ದಾರೆ. ಅದು ಕಮಟು ಹಿಡಿದು ಅಂಟಾಗಿ ಇರುವೆಯನ್ನೂ ಇಲಿಯನ್ನೂ ಕರೆಯುತ್ತದೆ.

ಮನೆಯಲ್ಲೇ ಮಾಡಿಕೊಳ್ಳಬಹುದಾದ ಲೇಪ ಹೀಗೆ: ಚಾಸಿ ಗ್ರೀಸ್ 1 ಕೆ.ಜಿ., ಹೊಸ ಎಂಜಿನ್ ಆಯಿಲ್ 1 ಲೀಟರ್. ಡಬ್ಬವನ್ನು ಕುದಿ ಇಳಿಸಿದ ಬಿಸಿನೀರಿನ ಹಂಡೆಯಲ್ಲಿಟ್ಟು ಕಲಕಿದರೆ ಬಳಿಯುವಷ್ಟು ತೆಳುವಾಗುತ್ತದೆ. ಒಲೆಯ ಮೇಲೆ ನೇರ ಇಡಬಾರದು, ಹೊತ್ತಿಕೊಂಡೀತು. 3 ಇಂಚಿನ ಬ್ರಷ್ಷಿನಿಂದ ಚಾಸಿಯ ಒಳಮೈ, ಬ್ಲೇಡ್ ಸೆಟ್ಟಿನ ಬದಿ, ಸ್ಪ್ರಿಂಗ್ ಹ್ಯಾಂಗರ್, ಯು ಬೋಲ್ಟ್, ಬ್ಯಾಟರಿ ತಟ್ಟೆ, ಕ್ಯಾಬಿನ್ ಕೂರುವ ಬ್ರ್ಯಾಕೆಟ್ಟುಗಳಿಗೆ ಬಳಿಯಿರಿ. ಬ್ರೇಕ್ ಡ್ರಮ್ಮಿನೊಳಗೆ, ಬ್ರೇಕಿನ ರಬ್ಬರ್ ಹೋಸಿಗೆ, ಟೈರಿಗೆ, ಸೈಲೆನ್ಸರಿಗೆ ತಾಗಬಾರದು. ಕಿಂಗ್ ಪಿನ್, ಶಾಕಲ್, ಜಾಯಿಂಟ್ ಕ್ರಾಸ್‌ಗಳಿಗೆ ಗನ್ನಿನಿಂದ ಗ್ರೀಸ್ ಹೊಡೆಯುವಾಗ ಹಳೆಯ ಕಪ್ಪು ಗ್ರೀಸ್ ಪೂರ್ತಿ ಹೊರಬಂದು ಹೊಸದು ಕಾಣುವವರೆಗೆ ಹೊಡೆಯಿರಿ, ನೀರು ಇದ್ದರೂ ಅದರ ಜೊತೆಗೇ ಬರುತ್ತದೆ.

ಮರದ ಬಾಡಿಯ ಅಡ್ಡಪಟ್ಟಿ ಚಾಸಿಯ ಮೇಲೆ ಕೂರುವ ಜಾಗವನ್ನು ಯಾರೂ ನೋಡುವುದಿಲ್ಲ. ಮರ ನೀರು ಕುಡಿದು ಕಬ್ಬಿಣಕ್ಕೆ ಒತ್ತಿಕೊಂಡು ತಿಂಗಳುಗಟ್ಟಲೆ ಇರುತ್ತದೆ. ಯು ಬೋಲ್ಟ್ ಸಡಿಲಿಸಿ ಬಾಡಿಯನ್ನು ಜಾಕಿಯಿಂದ ಅರ್ಧ ಇಂಚು ಎತ್ತಿ, ಸಂದಿಗೆ ಅದೇ ಲೇಪ ಇಳಿಸಿ ಮತ್ತೆ ಬಿಗಿಯಿರಿ. ಇಬ್ಬರಿಗೆ ಅರ್ಧ ದಿನದ ಕೆಲಸ.

ನಿಲ್ಲಿಸುವ ಜಾಗ

ಮರದಡಿ ಬೇಡ. ತೆಂಗಿನ ಕಾಯಿ, ಹಲಸಿನ ಟೊಂಗೆಯ ಭಯ ಒಂದಾದರೆ, ಮಳೆ ನಿಂತ ಮೇಲೂ ಎರಡು ತಾಸು ಎಲೆಯಿಂದ ತೊಟ್ಟಿಕ್ಕುವುದು ಇನ್ನೊಂದು. ಮನೆಯ ಸೂರಿನ ನೀರು ಬೀಳುವ ಸಾಲಿನಿಂದ ಆರಡಿ ದೂರವಿರಲಿ. ಅಡಿಕೆ ತೋಟದವರಿಗೆ ಮತ್ತೊಂದು ಎಚ್ಚರಿಕೆ: ಕೊಳೆರೋಗದ ಔಷಧಿ ಕಲಸುವ ಡ್ರಮ್ಮಿನ ಹತ್ತಿರ, ಅದರ ತುಂತುರು ಗಾಳಿಗೆ ಬರುವ ದಿಕ್ಕಿನಲ್ಲಿ ಲಾರಿ ನಿಲ್ಲಿಸಬೇಡಿ, ಮೈಲುತುತ್ತದ (ತಾಮ್ರದ ಸಲ್ಫೇಟಿನ) ಚೀಲವನ್ನು ಕ್ಯಾಬಿನ್ನಿನಲ್ಲಂತೂ ಇಡಲೇಬೇಡಿ. ನೂರು ಲೀಟರಿಗೆ ಒಂದೊಂದು ಕೆ.ಜಿ. ಮೈಲುತುತ್ತ, ಸುಣ್ಣ ಹಾಕಿದ ದ್ರಾವಣ ಹದವಾಗಿದೆಯೇ ಎಂದು ಕತ್ತಿಯ ಅಲಗು ಅದ್ದಿ ನೋಡುತ್ತೀರಲ್ಲ, ಸುಣ್ಣ ಕಡಿಮೆಯಾದರೆ ಅಲಗು ಕೆಂಪಾಗುತ್ತದೆ. ತಾಮ್ರ ಬಂದು ಕೂತು ಕಬ್ಬಿಣ ಕರಗಿ ಹೋಗುವ ಗುರುತು ಅದು. ಚಾಸಿಯ ಮೇಲೆ ನಡೆಯುವುದೂ ಅದೇ.

ನೆಲ ಸುತ್ತಲಿಗಿಂತ ಅರ್ಧ ಅಡಿ ಎತ್ತರವಿರಲಿ, ಸುತ್ತ ಒಂದಡಿ ಆಳದ ಕಾಲುವೆ ತೆಗೆದು ನೀರು ಹೊರಕ್ಕೆ ಓಡಿಸಿ. ಮೇಲಿಂದ ಮಳೆ ತಡೆದರೂ ಒದ್ದೆ ನೆಲದ ಆವಿ ರಾತ್ರಿಯಿಡೀ ಚಾಸಿಗೆ ಏರುತ್ತದೆ. ಇದನ್ನು ತಡೆಯಲು ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಮೇಲೆ ನಾಲ್ಕು ಇಂಚು ಜಲ್ಲಿ ಹರಡಿ. ಹಾಳೆಯನ್ನು ಎರಡೂ ಬದಿಗೆ ತುಸು ಇಳಿಜಾರು ಮಾಡಿ ಹಾಸದಿದ್ದರೆ ಅದೇ ಒಂದು ಕೆರೆಯಾದೀತು. ಲಾರಿಯ ಮುಂದಿನ ಚಕ್ರ ಹಿಂದಿನದಕ್ಕಿಂತ ಮೂರು ಇಂಚು ಎತ್ತರವಿದ್ದರೆ ಬಾಡಿಗೆ ಬಿದ್ದ ನೀರು ಹಿಂದಕ್ಕೆ ಹರಿಯುತ್ತದೆ. ಹಿಂದಿನ ಹಲಗೆ ಬಾಗಿಲನ್ನು ಕೆಳಗಿಳಿಸಿಯೇ ಬಿಡಿ.

ಆಕ್ಸಲ್ ಎತ್ತಿ ನಿಲ್ಲಿಸುವುದಾದರೆ ಚಿರೆಕಲ್ಲು (ಜಂಬಿಟ್ಟಿಗೆ) ಅಟ್ಟಿ ಇಡುವ ಅಭ್ಯಾಸ ಬಿಡಿ. ಬೇಸಿಗೆಯಲ್ಲಿ ಗಟ್ಟಿಯಾಗಿ ಕಂಡ ಕಲ್ಲು ನೀರು ಕುಡಿದ ಮೇಲೆ ತ್ರಾಣ ಕಳೆದುಕೊಳ್ಳುತ್ತದೆ, ಮೂಲೆಗೆ ಭಾರ ಬಿದ್ದರೆ ಒಡೆಯುತ್ತದೆ. ಲಾರಿಯಡಿ ಕೆಲಸ ಮಾಡುವವರ ಮೇಲೆ ಕೂರುತ್ತದೆ. ಮತ್ತಿಯಂಥ ಗಟ್ಟಿ ಮರದ ತೊಲೆ ತುಂಡುಗಳನ್ನು ಒಂದರ ಮೇಲೊಂದು ಅಡ್ಡಡ್ಡ ಅಟ್ಟಿ, ಕೆಳಗೆ ಎರಡಡಿ ಚೌಕದ ಹಲಗೆ ಕೊಡಿ. ಚಿರೆಕಲ್ಲು ಬೇಕಾದರೆ ಟೈರಿನಡಿ ಹಾಸಿ; ಅಲ್ಲಿ ಒಡೆದರೂ ಅರ್ಧ ಇಂಚು ಕುಸಿದೀತು ಅಷ್ಟೇ.

ಚಪ್ಪರ

ಇಡೀ ಕೆಲಸದಲ್ಲಿ ದುಡ್ಡು ಹಾಕಬೇಕಾದ್ದು ಇಲ್ಲಿ. ತಾಡಪತ್ರಿ ಲಾರಿಯ ಮೈಗೆ ತಾಗಬಾರದು. ತಾಗಿದಲ್ಲಿ ಎರಡು ಕೇಡು. ಒಂದು, ಗಾಳಿಗೆ ಬಡಿದು ಬಣ್ಣ ಉಜ್ಜಿಹೋಗುತ್ತದೆ. ಕ್ಯಾಬಿನ್ ಮೂಲೆಗಳಲ್ಲಿ ಒಂದೇ ಮಳೆಗಾಲಕ್ಕೆ ತಗಡು ಕಾಣುತ್ತದೆ. ಎರಡು, ತಗಡಿಗೂ ಪ್ಲಾಸ್ಟಿಕ್ಕಿಗೂ ನಡುವೆ ಕೂತ ತೇವ ಹೋಗುವುದೇ ಇಲ್ಲ.

ಸಾಮಾನ್ಯ ಲಾರಿಗೆ, ಅಂದರೆ ಸುಮಾರು 24 ಅಡಿ ಉದ್ದ, 8 ಅಡಿ ಅಗಲ, ಎಂಟೂವರೆ ಅಡಿ ಎತ್ತರದ ಕ್ಯಾಬಿನ್ ಇರುವುದಕ್ಕೆ, 28 ಅಡಿ ಉದ್ದ, 14 ಅಡಿ ಅಗಲದ ಚಪ್ಪರ ಸಾಕು. ಬದಿಯ ಕಂಬ ನೆಲದಿಂದ 8 ಅಡಿ, ನಡುವಿನ ನೆತ್ತಿ 12 ಅಡಿ. ಹೀಗಾದರೆ ಮಾಡಿಗೆ (ಚಾವಣಿಗೆ) ಸುಮಾರು 30 ಡಿಗ್ರಿ ಇಳಿಜಾರು ಸಿಗುತ್ತದೆ, ಕ್ಯಾಬಿನ್ ಅಂಚಿಗೂ ಮಾಡಿಗೂ ನಡುವೆ ಒಂದಡಿಗಿಂತ ಹೆಚ್ಚು ಗಾಳಿ ಉಳಿಯುತ್ತದೆ. ಇಳಿಜಾರು ಇದಕ್ಕಿಂತ ಕಡಿಮೆಯಾದರೆ ತಾಡಪತ್ರಿ ಹೊಟ್ಟೆ ಬಿಟ್ಟು ನೀರು ನಿಲ್ಲುತ್ತದೆ. ಒಂದು ಚದರ ಮೀಟರಿನಲ್ಲಿ ನಾಲ್ಕು ಇಂಚು ನೀರು ನಿಂತರೆ ನೂರು ಕೆ.ಜಿ. ಭಾರ. ಚಪ್ಪರ ಕುಸಿಯುವುದು ಗಾಳಿಗಿಂತ ಹೆಚ್ಚಾಗಿ ಇದರಿಂದಲೇ.

ಕಂಬಕ್ಕೆ ಒಂದೂವರೆ ಇಂಚಿನ ಜಿ.ಐ. ಪೈಪ್ ಅಥವಾ ಬಲಿತ ಅಡಿಕೆ ಮರ. ಬದಿಗೆ ಐದೈದು, ಏಳಡಿಗೊಂದರಂತೆ, ನೆಲದೊಳಗೆ ಎರಡಡಿ. ಅಡಿಕೆ ಮರವಾದರೆ ಹೂಳುವ ಭಾಗಕ್ಕೆ ಡಾಂಬರು ಬಳಿಯಿರಿ, ಇಲ್ಲದಿದ್ದರೆ ಒರಲೆ (ಗೆದ್ದಲು) ಮೊದಲು ಅಲ್ಲಿಗೇ ಬರುತ್ತದೆ. ಮಾಡಿಗೆ ಅಡಿಕೆ ದಬ್ಬೆ (ಮರ ಸೀಳಿದ ಪಟ್ಟಿ) ಒಂದಡಿಗೊಂದು. ದಬ್ಬೆಯ ಒರಟು ಅಂಚನ್ನು ಕತ್ತಿಯಿಂದ ಹೆರೆದು, ತಾಡಪತ್ರಿ ತಾಗುವ ಕಡೆ ಹಳೇ ಟ್ಯೂಬಿನ ಪಟ್ಟಿ ಸುತ್ತಿ. ತಾಡಪತ್ರಿ 20×30 ಅಡಿಯದು, 250 ಜಿ.ಎಸ್.ಎಂ. (ಚದರ ಮೀಟರಿಗೆ 250 ಗ್ರಾಂ ತೂಕ) ಇರಲಿ. ಸಂತೆಯಲ್ಲಿ ಸಿಗುವ ತೆಳು ನೀಲಿಯದು ಪುನರ್ವಸು ಮಳೆಯ ಹೊತ್ತಿಗೆ ಗುಂಡಿ ಕಿತ್ತು ಹಾರುತ್ತದೆ. ಹಗ್ಗವನ್ನು ನೇರ ಕಂಬಕ್ಕೆ ಬಿಗಿಯಬೇಡಿ. ನಡುವೆ ಒಂದು ಗೇಣು ಟ್ಯೂಬ್ ಪಟ್ಟಿ ಕೊಟ್ಟರೆ ಗಾಳಿಯ ಎಳೆತವನ್ನು ಅದು ತಡೆದುಕೊಳ್ಳುತ್ತದೆ, ಗುಂಡಿ ಉಳಿಯುತ್ತದೆ.

ತಾಡಪತ್ರಿಯ ಮೇಲೆ ಅಡಿಕೆ ಸೋಗೆ ಅಥವಾ ತೆಂಗಿನ ಮಡಲು ಹೊದಿಸಿದರೆ ತಾಡಪತ್ರಿ ಎರಡು ಮೂರು ವರ್ಷ ಬಾಳುತ್ತದೆ. ಬಿಸಿಲು ತಾಗುವುದಿಲ್ಲ, ಬಡಿಯುವುದೂ ಇಲ್ಲ. ಕರಾವಳಿಯಲ್ಲಿ ಮೇಲೊಂದು ಹಳೇ ಮೀನುಬಲೆ ಹಾಸಿ ಬಿಗಿದರೆ ಸೋಗೆ ಹಾರದು. ಬಲೆಯನ್ನು ಮೊದಲು ಸಿಹಿನೀರಿನಲ್ಲಿ ನೆನೆಸಿ ಉಪ್ಪು ತೆಗೆಯುವುದನ್ನು ಮರೆಯಬೇಡಿ.

ಎರಚಲು ಬರುವುದು ಪಡುವಣ, ನೈಋತ್ಯದಿಂದ. ಆ ಬದಿಗೆ ಮನೆಯ ಗೋಡೆಗೆ ಕಟ್ಟುವಂಥದೇ ಸೋಗೆ ತಟ್ಟಿ ಕಟ್ಟಿ, ನೆಲದಿಂದ ಎರಡಡಿ ಬಿಟ್ಟು. ಉಳಿದ ಮೂರು ಬದಿ ತೆರೆದೇ ಇರಲಿ. ನಾಲ್ಕೂ ಬದಿ ಮುಚ್ಚಿದರೆ ಒಳಗೆ ಅಣಬೆ ಬೆಳೆಯಬಹುದು, ಲಾರಿ ಉಳಿಯದು.

ಎಂಜಿನ್ ಮತ್ತು ಟ್ಯಾಂಕಿ

ಎಂಜಿನ್ ಆಯಿಲನ್ನು ಮಳೆ ಮುಗಿದ ಮೇಲೆ ಬದಲಿಸುತ್ತೇವೆ ಎನ್ನುವವರು ಲೆಕ್ಕ ತಪ್ಪಿದ್ದಾರೆ. ಡೀಸೆಲ್ ಉರಿದಾಗ ಹುಟ್ಟಿದ ಆಮ್ಲ, ನೀರು ಎರಡೂ ಸೇರಿ ಹಳೇ ಆಯಿಲ್ ಕೆಟ್ಟಿರುತ್ತದೆ. ನಾಲ್ಕು ತಿಂಗಳು ಬೇರಿಂಗ್ ಅದರಲ್ಲಿ ಕೂರುವುದು ಬೇಡ. ಎಂಜಿನ್ ಬಿಸಿಯಿದ್ದಾಗ ಇಳಿಸಿ, ಫಿಲ್ಟರ್ ಬದಲಿಸಿ, ಹೊಸದು ಹಾಕಿ, ಹತ್ತು ನಿಮಿಷ ಓಡಿಸಿ ಆಮೇಲೆ ನಿಲ್ಲಿಸಿ. ಪಂಪಿಗೆ ಅದರದೇ ಆಯಿಲ್ ಇರುವ ಮಾದರಿಯಾದರೆ ಅದನ್ನೂ ಬದಲಿಸಿ; ಅದರಲ್ಲಿ ಡೀಸೆಲ್ ವಾಸನೆ ಜೋರಾಗಿದ್ದರೆ ಪಂಪಿನ ಎಲಿಮೆಂಟು ಸವೆದಿದೆ.

ಡೀಸೆಲ್ ಟ್ಯಾಂಕಿ ತುಂಬಿಸಿಡಿ, ಹಿಗ್ಗಲು ಒಂದಿಷ್ಟು ಜಾಗ ಬಿಟ್ಟು. ಖಾಲಿ ಟ್ಯಾಂಕಿಯ ಗಾಳಿ ಹಗಲು ಹಿಗ್ಗಿ ರಾತ್ರಿ ಕುಗ್ಗಿ ತೇವದ ಗಾಳಿಯನ್ನು ಒಳಗೆಳೆಯುತ್ತದೆ, ನೀರು ಒಳಗೋಡೆಯಲ್ಲಿ ಬೆವರಿ ತಳ ಸೇರುತ್ತದೆ. ನೀರೂ ಡೀಸೆಲ್ಲೂ ಕೂಡುವ ಗಡಿಯಲ್ಲಿ ಸೂಕ್ಷ್ಮಜೀವಿ ಬೆಳೆದು ಕಪ್ಪು ಲೋಳೆಯಾಗಿ ಫಿಲ್ಟರ್ ಕಟ್ಟುತ್ತದೆ. ತುಂಬುವ ಮೊದಲು ತಳದ ಬೋಲ್ಟ್ ಬಿಚ್ಚಿ ಒಂದು ಲೀಟರ್ ಗಾಜಿನ ಬಾಟಲಿಗೆ ಹಿಡಿದು ನೋಡಿ. ಅಡಿಯಲ್ಲಿ ನೀರಿನ ಪದರ ಕಂಡರೆ ಶುದ್ಧ ಬರುವವರೆಗೆ ಬಿಡಿ. ಪೆಟ್ರೋಲ್ ಲಾರಿಗೆ ಇದರ ತಿರುಗುಮುರುಗು. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ, ಅದು ತೇವ ಹೀರಿ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ, ಹಳೇ ರಬ್ಬರನ್ನು ತಿನ್ನುತ್ತದೆ. ಟ್ಯಾಂಕಿ, ಕಾರ್ಬುರೇಟರಿನ ಬಟ್ಟಲು ಎರಡನ್ನೂ ಖಾಲಿ ಮಾಡಿ, ಟ್ಯಾಂಕಿಯೊಳಗೆ ಅರ್ಧ ಲೀಟರ್ ಎಂಜಿನ್ ಆಯಿಲ್ ಹಾಕಿ ಎಲ್ಲ ಕಡೆ ತಾಗುವಂತೆ ಅಲುಗಿಸಿ, ಮುಚ್ಚಳ ಬಿಗಿಯಿರಿ.

ರೇಡಿಯೇಟರ್ ನೀರು ಇಲ್ಲಿ ಹೆಪ್ಪುಗಟ್ಟುವ ಪ್ರಶ್ನೆಯಿಲ್ಲ, ಹಾಗೆಂದು ಬಾವಿ ನೀರು ಸಾಕೆಂದಲ್ಲ. ಖಾಲಿ ಬಿಡುವುದು ಇನ್ನೂ ಕೆಟ್ಟದ್ದು, ಒದ್ದೆ ಎರಕಕ್ಕೆ ಗಾಳಿ ಸಿಕ್ಕರೆ ತುಕ್ಕು ಓಡುತ್ತದೆ. ರೇಡಿಯೇಟರ್, ಬ್ಲಾಕ್ ಎರಡರ ನಲ್ಲಿಯನ್ನೂ ಬಿಚ್ಚಿ ತೊಳೆದು, ಡಿಸ್ಟಿಲ್ಡ್ ನೀರಿಗೆ ಡಬ್ಬದ ಅಳತೆಯಂತೆ ಕೂಲೆಂಟ್ ಬೆರೆಸಿ ತುಂಬಿ. ತಾಮ್ರ, ಹಿತ್ತಾಳೆಯ ಬೆಸುಗೆ ರೇಡಿಯೇಟರಿಗೆ ಆಗುವಂಥದ್ದೇ ಎಂದು ಡಬ್ಬದ ಮೇಲೆ ಓದಿಕೊಂಡು ಕೊಳ್ಳಿ.

ಸೈಲೆನ್ಸರ್ ಬಾಯಿ, ಏರ್ ಫಿಲ್ಟರ್ ಬಾಯಿ ಎರಡಕ್ಕೂ ಎಣ್ಣೆಬಟ್ಟೆ ತುರುಕಿ ಪ್ಲಾಸ್ಟಿಕ್ ಕಟ್ಟಿ. ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಲು ಇಷ್ಟಪಡುವ ಜಾಗ ಅವು. ಮುಚ್ಚಿದ್ದರ ನೆನಪಿಗೆ ಸ್ಟೇರಿಂಗಿಗೆ ಒಂದು ಕೆಂಪು ಬಟ್ಟೆ ಕಟ್ಟಿ.

ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವುದು ಉಪಕಾರವಲ್ಲ. ಉರಿದ ಡೀಸೆಲ್ ನೀರಿನ ಆವಿಯನ್ನೂ ಹುಟ್ಟಿಸುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗದೆ ನಿಂತರೆ ಅದು ಸೈಲೆನ್ಸರಿನಲ್ಲೂ ಆಯಿಲಿನಲ್ಲೂ ಉಳಿಯುತ್ತದೆ. ಹದಿನೈದು ಕಿಲೋಮೀಟರ್ ಓಡಿಸಲು ಆಗುವುದಾದರೆ ಸ್ಟಾರ್ಟ್ ಮಾಡಿ, ಇಲ್ಲದಿದ್ದರೆ ಮುಟ್ಟಬೇಡಿ.

ಬ್ಯಾಟರಿ, ಕ್ಲಚ್, ಬ್ರೇಕ್, ಟೈರ್

ಬ್ಯಾಟರಿ ಬಿಚ್ಚಿ ಮನೆಯೊಳಗೆ ತನ್ನಿ, ಅರ್ಥ್ ವಯರನ್ನು ಮೊದಲು ಬಿಚ್ಚಿ. 12.6 ವೋಲ್ಟ್ ಇದ್ದರೆ ತುಂಬಿದೆ, 12.4ಕ್ಕೆ ಇಳಿದರೆ ಚಾರ್ಜ್ ಮಾಡಿ. ತಟ್ಟೆಯನ್ನು ಅಡಿಗೆ ಸೋಡಾ ನೀರಿನಲ್ಲಿ ತೊಳೆದು ಒಣಗಿಸಿ.

ಕ್ಲಚ್ ಪ್ಲೇಟು ತೇವಕ್ಕೆ ಫ್ಲೈವೀಲಿಗೆ ಅಂಟಿಕೊಳ್ಳುವುದು ಇಲ್ಲಿನ ಮಾಮೂಲು ತೊಂದರೆ. ರಾಡ್ ಕ್ಲಚ್ ಆದರೆ ಪೆಡಲ್ ಒತ್ತಿ, ಸೀಟಿನ ಚೌಕಟ್ಟಿಗೂ ಪೆಡಲಿಗೂ ನಡುವೆ ರೀಪಿನ ತುಂಡು ಕೊಟ್ಟು ಹಾಗೇ ಇಡಿ. ಆಯಿಲ್ ಕ್ಲಚ್ಚಿಗೆ ಇದು ಬೇಡ, ಸೀಲಿನ ಮೇಲೆ ಭಾರ ಬೀಳುತ್ತದೆ. ಹ್ಯಾಂಡ್ ಬ್ರೇಕ್ ಎಳೆಯಬೇಡಿ, ಲೈನರ್ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಚಕ್ರಕ್ಕೆ ಎರಡೂ ಕಡೆ ಮರದ ಅಡೆ ಕೊಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವಂಥದ್ದು. ಎರಡು ವರ್ಷವಾಗಿದ್ದರೆ ಮೇ ತಿಂಗಳಲ್ಲೇ ಬದಲಿಸಿ, ಮೊದಲೇ ತೆರೆದಿಟ್ಟ ಡಬ್ಬದ್ದು ಬಳಸಬೇಡಿ. ಏರ್ ಟ್ಯಾಂಕ್ ಇದ್ದರೆ ತಳದ ನಲ್ಲಿ ಬಿಚ್ಚಿ ನೀರು ಬಿಟ್ಟು, ತೆರೆದೇ ಇಡಿ.

ಟೈರ್ ನೆಲದ ಮೇಲೇ ನಿಲ್ಲುವುದಾದರೆ ಅದರ ಗರಿಷ್ಠ ಗಾಳಿಯ ಹತ್ತಿರಕ್ಕೆ ತುಂಬಿಸಿ. ಒಂದು ಎಚ್ಚರ: ಈ ಲಾರಿಗಳ ಚಕ್ರದ ಡಿಸ್ಕಿಗೆ ಟೈರನ್ನು ಹಿಡಿದಿಡುವ ಲಾಕ್ ರಿಂಗ್ ಇರುತ್ತದೆ. ತುಕ್ಕು ಹಿಡಿದ ಅಥವಾ ಸರಿಯಾಗಿ ಕೂರದ ರಿಂಗ್ ಗಾಳಿ ತುಂಬುವಾಗ ಹಾರಿದರೆ ಆಳು ಉಳಿಯುವುದಿಲ್ಲ. ಗಾಳಿ ಪೂರ್ತಿ ಇಳಿದ ಚಕ್ರಕ್ಕೆ ಅಂಗಳದಲ್ಲಿ ಗಾಳಿ ತುಂಬಬೇಡಿ. ಬಿಚ್ಚಿ ಪಂಕ್ಚರ್ ಅಂಗಡಿಗೆ ಒಯ್ದು, ರಿಂಗ್ ಪರೀಕ್ಷಿಸಿ, ಪಂಜರದೊಳಗಿಟ್ಟೋ ಸರಪಳಿ ಸುತ್ತಿಯೋ ತುಂಬಿಸಬೇಕು.

ಜೀವಜಂತು

ಸೀಟುಗಳನ್ನು ಬಿಚ್ಚಿ ಅಡುಗೆಮನೆಯ ಅಟ್ಟಕ್ಕೆ ಏರಿಸಿ. ಒಲೆಯ ಹೊಗೆಯ ಜಾಗದಲ್ಲಿ ಬೂಷ್ಟೂ ಇಲ್ಲ, ಇಲಿಯೂ ಕಡಿಮೆ. ಕ್ಯಾಬಿನ್ ಗಾಜು ಎರಡು ಬೆರಳು ಇಳಿಸಿ ಸಂದಿಗೆ ಸಣ್ಣ ಕಣ್ಣಿನ ತಂತಿಬಲೆ ಕೊಡಿ. ತೇವ ಹೀರಲೆಂದು ಬಟ್ಟಲಲ್ಲಿ ಉಪ್ಪು ಇಡುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ. ಸುಟ್ಟ ಸುಣ್ಣ ತೇವ ಹೀರುತ್ತದೆ ನಿಜ, ಆದರೆ ಗಾಳಿಯಾಡುವ ಕ್ಯಾಬಿನ್ನಿನಲ್ಲಿ ಅದು ಸಮುದ್ರವನ್ನು ಮೊಗೆದಂತೆ. ಮುಚ್ಚಳ ಬಿಗಿಯಾದ ಟೂಲ್ ಬಾಕ್ಸಿನಲ್ಲಿ ಒಂದು ಸಣ್ಣ ಡಬ್ಬಿ, ಅರ್ಧ ಮಾತ್ರ ತುಂಬಿ ಇಟ್ಟರೆ ಪ್ರಯೋಜನವಿದೆ. ನೀರು ಹೀರಿ ಅದು ಉಬ್ಬುತ್ತದೆ.

ಭತ್ತದ ಹುಲ್ಲು, ಕರಡ, ಹಿಂಡಿ ಚೀಲ ಏನನ್ನೂ ಬಾಡಿಯಲ್ಲಿ ಕೂಡಿಡಬೇಡಿ. ಹುಲ್ಲಿಗೆ ಇಲಿ, ಇಲಿಯ ಹಿಂದೆ ಹಾವು. ಒರಲೆ ಮಣ್ಣಿನ ದಾರಿ ಮಾಡಿಕೊಂಡು ಟೈರಿನ ಬದಿಯಿಂದಲೇ ಮರದ ಬಾಡಿಗೆ ಏರುತ್ತದೆ, ಆದ್ದರಿಂದ ಚಕ್ರದಡಿಯ ಕಲ್ಲಿನ ಸುತ್ತ ಕಣ್ಣಿಡಿ. ಮಣ್ಣಿನ ಗೆರೆ ಕಂಡ ದಿನವೇ ಕೆರೆದು ತೆಗೆಯಿರಿ.

ಮಳೆ ನಡುವೆ

ಹದಿನೈದು ದಿನಕ್ಕೊಮ್ಮೆ, ಮಳೆ ಬಿಟ್ಟು ಹೊಳವಾದ ಹೊತ್ತು ನೋಡಿ, ಒಂದು ತಾಸು ಕೊಡಿ. ಕಾಲಿಗೆ ಉಂಬಳ (ಜಿಗಣೆ) ಹತ್ತದಂತೆ ಸುಣ್ಣ ಹಚ್ಚಿಕೊಳ್ಳುವುದು ನಿಮಗೆ ಬಿಟ್ಟದ್ದು. ಬಾಗಿಲು, ಬಾನೆಟ್ ತೆರೆದಿಡಿ. ತಾಡಪತ್ರಿಯ ಹಗ್ಗ ಬಿಗಿ ಮಾಡಿ, ಕಾಲುವೆಯ ಕಸ ತೆಗೆಯಿರಿ. ಚಕ್ರ ಅರ್ಧ ಸುತ್ತು ತಿರುಗುವಷ್ಟು ಲಾರಿಯನ್ನು ದೂಡಿ, ಟೈರಿನ ಒಂದೇ ಜಾಗ ಚಪ್ಪಟೆಯಾಗದು, ಡ್ರಮ್ಮೂ ಬಿಡಿಸಿಕೊಳ್ಳುತ್ತದೆ. ಬಾಗಿಲಿನ ತೂತಿಗೆ ತಂತಿ ಹಾಕಿ. ಗ್ರೀಸ್ ಲೇಪ ತೊಳೆದುಹೋದಲ್ಲಿ, ಸಾಮಾನ್ಯವಾಗಿ ಪಡುವಣ ಬದಿಯ ಚಾಸಿಯಲ್ಲಿ, ಒಣಬಟ್ಟೆಯಿಂದ ಒರೆಸಿ ಮತ್ತೆ ಬಳಿಯಿರಿ.

ಬಿಚ್ಚುವಾಗ

ಆಯುಧ ಪೂಜೆಗೆ ಲಾರಿ ಅಂಗಳಕ್ಕೆ ಬರಲೇಬೇಕು, ಸರಿ. ತೊಳೆದು ಹೂವು ಹಾಕಿ, ನಿಂಬೆಹಣ್ಣು ಇಟ್ಟು, ಮತ್ತೆ ಚಪ್ಪರದಡಿ ದೂಡಿ. ಹಸ್ತ, ಚಿತ್ತಾ ಮಳೆ ಇನ್ನೂ ಬಾಕಿ ಇರಬಹುದು, ಮಧ್ಯಾಹ್ನದ ಗುಡುಗಿನ ಮಳೆಗೆ ಹೇಳುವವರಿಲ್ಲ.

ಸ್ಟಾರ್ಟ್ ಮಾಡುವ ದಿನ ಮೊದಲು ಕೆಂಪು ಬಟ್ಟೆ ಬಿಚ್ಚಿ, ಎರಡೂ ಬಾಯಿಯ ಬಟ್ಟೆ ತೆಗೆಯಿರಿ. ಕ್ಲಚ್ಚಿನ ರೀಪು ತೆಗೆಯಿರಿ. ಸೆಲ್ಫ್ ಹೊಡೆಯುವ ಮುಂಚೆ ಎಂಜಿನ್ನನ್ನು ಕೈಯಿಂದ, ಮುಂದಿನ ಪುಲ್ಲಿಯ ನಟ್ಟಿಗೆ ಪಾನಾ ಹಾಕಿ, ಎರಡು ಪೂರ್ತಿ ಸುತ್ತು ತಿರುಗಿಸಿ. ಬಿಗಿಯಾಗಿ ನಿಂತರೆ ಬಲ ಹಾಕಬೇಡಿ. ಸಿಲಿಂಡರಿಗೆ ನೀರು ಹೋಗಿರಬಹುದು ಅಥವಾ ರಿಂಗ್ ಕಚ್ಚಿರಬಹುದು. ಇಂಜೆಕ್ಟರ್ ಬಿಚ್ಚಿ, ಪ್ರತಿ ಸಿಲಿಂಡರಿಗೆ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಕಾಯಿರಿ. ಹೆಚ್ಚು ಸುರಿದರೆ ಪಿಸ್ಟನ್ ಮೇಲೆ ಎಣ್ಣೆ ನಿಂತು ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸುಲಭವಾಗಿ ತಿರುಗಿದರೆ, ಡೀಸೆಲ್ ಫಿಲ್ಟರಿನ ತಳದ ನೀರು ಬಿಟ್ಟು, ಕೈಪಂಪ್ ಒತ್ತಿ ಗುಳ್ಳೆ ನಿಲ್ಲುವವರೆಗೆ ಏರ್ ತೆಗೆಯಿರಿ: ಮೊದಲು ಫಿಲ್ಟರ್ ಮೇಲಿನ ಸ್ಕ್ರೂ, ಆಮೇಲೆ ಪಂಪಿನದು. ಎಂಜಿನ್ ನಿಲ್ಲಿಸುವ ಸ್ಟಾಪ್ ವಯರ್ ಎಳೆದು ಹಿಡಿದು ಹತ್ತು ಸೆಕೆಂಡಿನಂತೆ ಎರಡು ಮೂರು ಸಲ ಸೆಲ್ಫ್ ಹೊಡೆದರೆ ಆಯಿಲ್ ಬೇರಿಂಗಿಗೆ ಏರುತ್ತದೆ, ಆಮೇಲೆ ಸ್ಟಾರ್ಟ್ ಮಾಡಿ. ಆಯಿಲ್ ಮೀಟರ್ ಹತ್ತು ಸೆಕೆಂಡಿನಲ್ಲಿ ಏಳದಿದ್ದರೆ ನಿಲ್ಲಿಸಿ.

ಗೇರ್ ಬೀಳದೆ ಕರ್ ಎಂದರೆ ಕ್ಲಚ್ ಅಂಟಿದೆ. ಎಂಜಿನ್ ಪೂರ್ತಿ ಬಿಸಿಯಾಗಲು ಬಿಟ್ಟು ನಿಲ್ಲಿಸಿ. ಮುಂದೆ ಖಾಲಿ ಜಾಗ ನೋಡಿಕೊಂಡು, ಎರಡನೇ ಗೇರಿನಲ್ಲಿಟ್ಟು, ಪೆಡಲ್ ಪೂರ್ತಿ ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಲಾರಿ ಮೆಲ್ಲಗೆ ಹೊರಡುವಾಗ ಬ್ರೇಕನ್ನು ಒಮ್ಮೆ ಒತ್ತಿದರೆ ಸಾಮಾನ್ಯವಾಗಿ ಬಿಡಿಸಿಕೊಳ್ಳುತ್ತದೆ. ಇದಕ್ಕೆ ಬ್ರೇಕ್ ಹಿಡಿಯುತ್ತದೆ ಎಂಬುದು ಖಚಿತವಾಗಿರಬೇಕು, ಹಾಗಾಗಿ ಮೊದಲು ಪೆಡಲ್ ಒತ್ತಿ ನೋಡಿ, ನಾಲ್ಕೂ ಚಕ್ರದ ಒಳಬದಿಯಲ್ಲಿ ಆಯಿಲ್ ಒಸರಿದೆಯೇ ಪರೀಕ್ಷಿಸಿ. ಘಟ್ಟ ಇಳಿಯುವ ಮೊದಲು ಡ್ರಮ್ ಬಿಚ್ಚಿಸಿಯೇ ಹೋಗಿ.

ಘಟ್ಟದ ಮೇಲಿನವರು ಚಪ್ಪರವನ್ನು ನವೆಂಬರಿನಲ್ಲಿ ಕಿತ್ತು ಹಾಕಬಾರದು. ಶಿರಸಿ, ಯಲ್ಲಾಪುರದ ಕಡೆ ಡಿಸೆಂಬರ್, ಜನವರಿಯ ಇಬ್ಬನಿ ಬೆಳಗಿನ ಎಂಟು ಗಂಟೆಯವರೆಗೂ ತಗಡಿನ ಮೇಲೆ ಹನಿಯಾಗಿ ಕೂತಿರುತ್ತದೆ. ಆಕಾಶಕ್ಕೆ ತೆರೆದುಕೊಂಡ ಲೋಹ ಗಾಳಿಗಿಂತ ಹೆಚ್ಚು ತಣ್ಣಗಾಗುವುದರಿಂದ ಹೀಗೆ. ಪಡುವಣ ತಟ್ಟಿ ಬಿಚ್ಚಿ ಬಿಸಿಲು ಬರಲಿ, ಮಾಡು ಮಾತ್ರ ಶಿವರಾತ್ರಿಯವರೆಗೆ ಇರಲಿ.